ಲೆಕ್ಕದ ಮಕ್ಕಳ ಆಯ್ಕೆ



ಗಣಿತದಲ್ಲಿ ಸಹಜವಾದ ಒಲವೂ ಶಕ್ತಿಯೂ ಉಳ್ಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಗುರುತಿಸಿ, ಅವರಿಗಾಗಿಯೇ ಒಂದು ಪ್ರೌಢಶಾಲೆಯನ್ನು ಕಟ್ಟಿ, ಆ ವಿದ್ಯೆಯಲ್ಲಿ ಪಳಗಿದ ಆಚಾರ್ಯರ ಸನ್ನಿಧಿಯಲ್ಲಿ ಅವರನ್ನು ಬೆಳೆಯಿಸುವ ಪದ್ಧತಿ ಲೋಕದ ಕೆಲವು ದೇಶಗಳಲ್ಲಿ ಉಂಟು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗಣಿತಕ್ಕೆಂದೇ ಮೀಸಲಾದ ಅಂತಹ ಶಾಲೆಯಿಲ್ಲ. ಆದರೂ ಕಾರವಾರದ ಬೈತಖೋಲದಲ್ಲಿಯೋ ಮಾಜಾಳಿಯಲ್ಲಿಯೋ, ಅಂಕೋಲೆಯ ಬೇಲೇಕೇರಿಯಲ್ಲಿಯೋ ಅವರ್ಸೆಯಲ್ಲಿಯೋ ಹುಟ್ಟಿದ ಒಂದು ಮಗು, ಓರಗೆಯವರು ಇನ್ನೂ ಬೆರಳು ಮಡಿಸಿ ಎಣಿಸುತ್ತಿರುವಾಗಲೇ ಉತ್ತರವನ್ನು ಮನಸ್ಸಿನಲ್ಲಿ ಕಂಡುಕೊಂಡು ಸುಮ್ಮನೆ ಕುಳಿತಿರುವಂಥದಾದರೆ, ಬಡತನವು ಅಡ್ಡಬಾರದ ಹಾಗೆ ಅದಕ್ಕೆ ತೆರೆದಿರುವ ಬಾಗಿಲುಗಳಲ್ಲಿ ಮುಖ್ಯವಾದುದು ಘಟ್ಟದ ಮೇಲಣ ಮುಂಡಗೋಡದ ಜವಾಹರ ನವೋದಯ ವಿದ್ಯಾಲಯ. ಆ ಬಾಗಿಲನ್ನು ಹೊಗುವ ಕ್ರಮವೆಂತಹುದು, ಹೊಗಲಾರದೆ ಹೊರಗುಳಿದ ಮಕ್ಕಳ ವಿಷಯದಲ್ಲಿ ನಮ್ಮ ಹೊಣೆ ಏನು ಎಂಬೆರಡನ್ನು ಕುರಿತು ಈ ಹೊತ್ತು ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲ. ಪ್ರಯೋಗರೂಪವಾಗಿ 1985-86ರಲ್ಲಿ ಹರಿಯಾಣದ ಝಜ್ಜರ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಎರಡು ಶಾಲೆಗಳು ಮೊದಲಾದುವು. ಇಂದು ಅವುಗಳ ಸಂಖ್ಯೆ ಆರು ನೂರನ್ನು ಮೀರಿದೆ. ಪಟ್ಟಣದ ಅನುಕೂಲವಂತರು ಹಣ ತೆತ್ತು ತಮ್ಮ ಮಕ್ಕಳಿಗೆ ದೊರಕಿಸಿಕೊಡುವ ಶಿಕ್ಷಣವನ್ನು ಹಳ್ಳಿಯ ಬುದ್ಧಿವಂತ ಮಗುವಿಗೆ ಹಣದ ಮಾತಿಲ್ಲದೆಯೇ ಒದಗಿಸಬೇಕೆಂಬುದು ಈ ಯೋಜನೆಯ ಸಂಕಲ್ಪ. ಆ ಕಾರಣದಿಂದಲೇ ಸ್ಥಾನಗಳಲ್ಲಿ ಶೇಕಡಾ 75ರಷ್ಟಾದರೂ ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಪಾಲಾದರೂ ಹೆಣ್ಣುಮಕ್ಕಳಿಗೆ ಸಲ್ಲಬೇಕೆಂಬ ಕಟ್ಟಳೆಯಿದೆ. ಆರನೆಯ ಇಯತ್ತೆಯಿಂದ ಹನ್ನೆರಡನೆಯದರವರೆಗೆ ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಸರಕಾರವು ಮಾಡಿದ ಅನೇಕ ಕಾರ್ಯಗಳನ್ನು ನಾವು ಕಟುವಾಗಿ ವಿಮರ್ಶಿಸುವುದುಂಟು. ಇದೊಂದು ಕಾರ್ಯವನ್ನು ಮಾತ್ರ ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ಇನ್ನು ಪರೀಕ್ಷೆಯ ವಿಷಯ. ಇಡೀ ಜಿಲ್ಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಸ್ಥಾನಗಳು. ಜಿಲ್ಲೆಯ ಯಾವುದಾದರೂ ಶಾಲೆಯಲ್ಲಿ ಐದನೆಯ ಇಯತ್ತೆಯನ್ನು ಓದುತ್ತಿರುವ, ವಯಸ್ಸಿನ ಮಿತಿಯೊಳಗಿರುವ ಮಗು ಇದಕ್ಕೆ ಕುಳಿತುಕೊಳ್ಳಬಹುದು. ಆದರೆ ಒಮ್ಮೆ ಮಾತ್ರ, ಎರಡನೆಯ ಬಾರಿಗೆ ಅವಕಾಶವಿಲ್ಲ. ಅವಧಿ 2 ಗಂಟೆ, ಪ್ರಶ್ನೆಗಳು 80, ಅಂಕಗಳು 100. ಇವುಗಳ ಪೈಕಿ 40 ಪ್ರಶ್ನೆಗಳು ಮಾನಸಿಕ ಸಾಮರ್ಥ್ಯಕ್ಕೆ ಸಂಬಂಧಿಸಿದುವು. ಅಲ್ಲಿ ಅಕ್ಷರಗಳೇ ಇರುವುದಿಲ್ಲವೆನ್ನಬಹುದು, ಎಲ್ಲವೂ ಆಕೃತಿಗಳೇ: ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದ ಒಂದನ್ನು ಬೇರ್ಪಡಿಸುವುದು, ಕನ್ನಡಿಯಲ್ಲಿ ಕಾಣುವ ರೂಪವನ್ನು ಊಹಿಸುವುದು, ದೊಡ್ಡದೊಂದು ಆಕೃತಿಯ ಒಳಗೆ ಅಡಗಿರುವ ಚಿಕ್ಕದನ್ನು ಹುಡುಕುವುದು. ಇದಕ್ಕೇ ಅರ್ಧದಷ್ಟು ಅಂಕಗಳು. ಉಳಿದ ಅರ್ಧದಲ್ಲಿ 20 ಪ್ರಶ್ನೆಗಳು ಅಂಕಗಣಿತಕ್ಕೆ, 20 ಭಾಷೆಗೆ. ಲ.ಸಾ.ಅ., ಮ.ಸಾ.ಅ., ಭಿನ್ನರಾಶಿ, ದಶಮಾಂಶ, ಲಾಭನಷ್ಟ, ಸುತ್ತಳತೆ, ವಿಸ್ತೀರ್ಣ ಎಂಬಿವೆಲ್ಲ ಆ ಅಂಕಗಣಿತದಲ್ಲಿ ಬರುತ್ತವೆ. ಹೀಗೆ ನೂರರಲ್ಲಿ 75 ಅಂಕಗಳು ಗಣಿತಕ್ಕೋ ಗಣಿತದ ನೆಂಟಸ್ತಿಕೆಯುಳ್ಳ ವಿಷಯಕ್ಕೋ ಸಂದಿರುವುದರಿಂದ, ಹೆಸರಿನಲ್ಲಿ ಇದು ಸರ್ವವಿಷಯಗಳ ಶಾಲೆಯಾದರೂ ಅದರ ಹೊಸ್ತಿಲಲ್ಲಿ ನಿಂತು ಒಳಬಿಡುವುದು ಗಣಿತವೇ ಎಂದರೆ ತಪ್ಪಾಗದು.

ಪರೀಕ್ಷೆ ನಮ್ಮ ಜಿಲ್ಲೆಯಲ್ಲಿಯೇ, ಕನ್ನಡದಲ್ಲಿಯೇ ನಡೆಯುತ್ತದೆಂಬುದನ್ನು ನಾವು ಸಣ್ಣ ಸಂಗತಿಯೆಂದು ಎಣಿಸಬಾರದು. ಕಾರವಾರದವರಿಗೆ ಸತ್ಯೇಂದ್ರನಾಥ ಠಾಕೂರರ ನೆನಪು ಇದ್ದೇ ಇದೆ. 1880ರ ದಶಕದ ಆದಿಯಲ್ಲಿ ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮನಾದ ರವೀಂದ್ರರು ಬಂದು ತಂಗಿದ್ದುದರಿಂದಲೇ ನಮ್ಮ ಕಡಲತೀರಕ್ಕೆ ರವೀಂದ್ರರ ಹೆಸರು ಬಂದಿತು. ಸತ್ಯೇಂದ್ರನಾಥರು 1863ರಲ್ಲಿ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲನೆಯ ಭಾರತೀಯರು. ಆ ಪರೀಕ್ಷೆ ಆಗ ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ಬುದ್ಧಿಯಿದ್ದೂ ಹಡಗಿನ ವೆಚ್ಚ ಹೊರಲಾರದವರು, ಸಮುದ್ರಯಾನಕ್ಕೆ ಮನೆಯವರ ಒಪ್ಪಿಗೆ ಪಡೆಯಲಾರದವರು ಪ್ರಶ್ನೆಪತ್ರಿಕೆಯನ್ನು ಕಾಣುವ ಮೊದಲೇ ಹೊರಗಾದರು. ಪರೀಕ್ಷೆಯು ಎಲ್ಲಿ, ಯಾವ ಭಾಷೆಯಲ್ಲಿ ನಡೆಯುತ್ತದೆಂಬುದು ಅರ್ಧ ಆಯ್ಕೆಯನ್ನು ಮೊದಲೇ ಮಾಡಿಟ್ಟಿರುತ್ತದೆ.

ಭಾಷೆಯ ಮಾತು ಬಂದುದರಿಂದ ಇಲ್ಲಿ ಕೊಂಚ ನಿಲ್ಲುತ್ತೇನೆ. ಕನ್ನಡದಲ್ಲಿ ಗಣಿತ ಹೊಸದಲ್ಲ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನೂ ‘ಕ್ಷೇತ್ರಗಣಿತ’ವನ್ನೂ ಕನ್ನಡದಲ್ಲಿಯೇ ರಚಿಸಿದನು. ಆದರೆ ಕಾರವಾರ ತಾಲೂಕಿನ ಬಹುಸಂಖ್ಯೆಯ ಮಕ್ಕಳ ಮನೆಮಾತು ಕೊಂಕಣಿ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮನೆಯ ಮಗುವಿನ ಮಾತು ಕನ್ನಡವೇ ಆದರೂ ಪಾಠಪುಸ್ತಕದ ಕನ್ನಡಕ್ಕೂ ಅದಕ್ಕೂ ಬಹಳ ಅಂತರವುಂಟು. ಮೀನು ಮಾರುವ ತಾಯಿಯ ಪಕ್ಕದಲ್ಲಿ ಕುಳಿತ ಹುಡುಗಿ, ನಸುಕಿನಲ್ಲಿ ಬಂದರಿನ ಹರಾಜಿನಲ್ಲಿ ಕೊಂಡ ಬುಟ್ಟಿ ಬಂಗಡೆಗೆ ಕೊಟ್ಟ ಹಣವೆಷ್ಟು, ಮಂಜುಗಡ್ಡೆಗೂ ಟೆಂಪೋ ಬಾಡಿಗೆಗೂ ಹೋದುದೆಷ್ಟು, ಬಿಸಿಲೇರುವ ಮುನ್ನ ಯಾವ ದರಕ್ಕೆ ಇಳಿಸಿದರೆ ಕೈಗೆ ನಾಲ್ಕು ಕಾಸು ಉಳಿದೀತು ಎಂಬುದನ್ನು ಬಾಯಿಲೆಕ್ಕದಿಂದಲೇ ಹೇಳಬಲ್ಲಳು. ಅದೇ ಹುಡುಗಿ ‘ಕೊಂಡ ಬೆಲೆಯ ಮೇಲೆ ಶೇಕಡಾ ಲಾಭವನ್ನು ಕಂಡುಹಿಡಿಯಿರಿ’ ಎಂಬ ವಾಕ್ಯದ ಮುಂದೆ ಮೂಕಳಾಗುವುದನ್ನು ಕಂಡ ಮಾಸ್ತರರು ಅನೇಕರಿದ್ದಾರೆ. ಅವಳಿಗೆ ತಿಳಿಯದಿದ್ದುದು ಲೆಕ್ಕವಲ್ಲ. ಆ ಲೆಕ್ಕಕ್ಕೆ ತೊಡಿಸಿದ್ದ ಮಾತು. ಆದಕಾರಣ ನವೋದಯಕ್ಕೆ ಮಕ್ಕಳನ್ನು ಸಿದ್ಧಗೊಳಿಸುವ ಶಿಕ್ಷಕರು ಮೊದಲು ಮಾಡಬೇಕಾದ ಕೆಲಸ ಹೊಸ ಲೆಕ್ಕಗಳನ್ನು ಹೇಳಿಕೊಡುವುದಲ್ಲ, ಮಗುವಿಗೆ ಬರುವ ಲೆಕ್ಕವನ್ನು ಪುಸ್ತಕದ ಮಾತಿನಲ್ಲಿ ಗುರುತಿಸಲು ಕಲಿಸುವುದು. ‘ಕೊಂಡ ಬೆಲೆ’ ಎಂದರೆ ನಿನ್ನ ಅಮ್ಮ ಬೆಳಿಗ್ಗೆ ಬಂದರಿನಲ್ಲಿ ಕೊಟ್ಟ ಹಣ ಎಂದು ಒಮ್ಮೆ ಹೇಳಿದರೆ ಸಾಕು, ಆಮೇಲೆ ಅವಳನ್ನು ತಡೆಯುವವರಿಲ್ಲ.

ತೇರ್ಗಡೆಯಾದ ಮೇಲೆಯೂ ಒಂದು ಕಷ್ಟ ಉಳಿಯುತ್ತದೆ. ಹತ್ತು ಹನ್ನೊಂದು ವರುಷದ ಮಗುವನ್ನು ಅಂಕೋಲೆಯಿಂದ ಅರಬೈಲು ಘಟ್ಟವನ್ನು ಹತ್ತಿಸಿ, ಯಲ್ಲಾಪುರವನ್ನು ದಾಟಿಸಿ, ಮುಂಡಗೋಡದಲ್ಲಿ ಬಿಟ್ಟುಬರಬೇಕು. ಕಡಲಿನ ಸದ್ದಿಲ್ಲದ ರಾತ್ರಿಯಲ್ಲಿ ಒಮ್ಮೆಯೂ ಮಲಗದ ಮಗು ಅದು. ಅಲ್ಲಿಂದಾಚೆಗೂ, ಒಂಬತ್ತನೆಯ ಇಯತ್ತೆಯಲ್ಲಿ ಮಕ್ಕಳಲ್ಲಿ ಶೇಕಡಾ 30ರಷ್ಟು ಮಂದಿ ಒಂದು ವರ್ಷದ ಮಟ್ಟಿಗೆ ಹಿಂದೀ ಪ್ರಾಂತದ ನವೋದಯವೊಂದಕ್ಕೆ ಹೋಗಿ ಓದುವ ಏರ್ಪಾಡುಂಟು; ಅಲ್ಲಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ದೇಶದ ಐಕ್ಯಕ್ಕೆ ಇದಕ್ಕಿಂತ ಉತ್ತಮವಾದ ಪಾಠವಿಲ್ಲವೆಂಬುದನ್ನು ನಾನು ಬಲ್ಲೆ. ಮಗಳನ್ನು ಅಷ್ಟು ದೂರ ಕಳುಹಿಸುವ ತಾಯಿಯ ಎದೆಯ ಅಳುಕನ್ನೂ ಬಲ್ಲೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದೂ ಮಗುವನ್ನು ಕಳುಹಿಸಲೊಲ್ಲದ ಮನೆಗಳಿದ್ದರೆ ಅವರನ್ನು ಅಜ್ಞಾನಿಗಳೆಂದು ಹಳಿಯುವ ಅಧಿಕಾರ ನಮಗಿಲ್ಲ. ಅಂತಹ ಮನೆಗೆ ಮಾಸ್ತರರು ಒಂದು ಸಂಜೆ ಹೋಗಿ, ಜಗಲಿಯಲ್ಲಿ ಕುಳಿತು, ಆ ಶಾಲೆಯ ಊಟವೇನು, ಮಲಗುವ ವ್ಯವಸ್ಥೆಯೇನು, ರಜೆ ಯಾವಾಗ, ಹುಷಾರು ತಪ್ಪಿದರೆ ನೋಡುವವರಾರು ಎಂಬುದನ್ನು ತಾಳ್ಮೆಯಿಂದ ತಿಳಿಸಿದರೆ, ಹತ್ತು ಸಭೆಗಳಲ್ಲಿ ಆಗದ ಕೆಲಸ ಆಗುತ್ತದೆ.

ಈಗ ಈ ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಎರಡು ಗಂಟೆಯಲ್ಲಿ 80 ಪ್ರಶ್ನೆಗಳೆಂದರೆ ಒಂದೊಂದಕ್ಕೆ ಒಂದೂವರೆ ನಿಮಿಷ. ಅದರಲ್ಲಿಯೇ ಪ್ರಶ್ನೆಯನ್ನು ಓದಬೇಕು, ಯೋಚಿಸಬೇಕು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು, ಉತ್ತರಪತ್ರಿಕೆಯ ಪುಟ್ಟ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ಸಾವಿರಾರು ಮಕ್ಕಳಿಂದ 80 ಮಂದಿಯನ್ನು ಪಕ್ಷಪಾತವಿಲ್ಲದೆ ಆರಿಸಲು ಇದಕ್ಕಿಂತ ಬೇರೆಯ ಉಪಾಯ ಸರಕಾರಕ್ಕೆ ತೋರದಿದ್ದುದು ಸಹಜವೇ. ಆದರೆ ಈ ಅಳತೆಗೋಲಿಗೆ ಸಿಕ್ಕುವುದು ಚುರುಕುತನ. ಗಣಿತಕ್ಕೆ ಬೇಕಾದ ಇನ್ನೊಂದು ಗುಣವಿದೆ. ಒಂದೇ ಪ್ರಶ್ನೆಯನ್ನು ಹಿಡಿದು, ಅದು ಬಿಡಿಸಿಕೊಳ್ಳದಿದ್ದರೂ ಬೇಸರಿಸದೆ, ಉಣ್ಣುವಾಗಲೂ ಆಡುವಾಗಲೂ ಅದನ್ನು ಮನಸ್ಸಿನಲ್ಲಿಯೇ ಹೊರಳಿಸುತ್ತ, ನಾಲ್ಕನೆಯ ದಿನ ಹೊಸತೊಂದು ದಾರಿಯಿಂದ ಅದರ ಬಳಿಗೆ ಬರುವ ಗುಣ. ಅದು ಒಂದೂವರೆ ನಿಮಿಷದಲ್ಲಿ ಕಾಣುವಂಥದಲ್ಲ. ಈಚೀಚೆಗೆ ಊರೂರಿನಲ್ಲಿ ತಲೆಯೆತ್ತಿರುವ ಕೋಚಿಂಗ್ ಕ್ಲಾಸುಗಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಕ್ಕಳಿಂದ ತಿರುತಿರುಗಿ ಮಾಡಿಸಿ ಆ ಚುರುಕುತನವನ್ನೂ ಕೇವಲ ಅಭ್ಯಾಸದ ವಿಷಯವನ್ನಾಗಿ ಮಾಡಿರುವುದು ನನಗೆ ಅತ್ಯಂತ ಖೇದದ ಸಂಗತಿ. ಏಕೆಂದರೆ ಅಲ್ಲಿಗೆ ಹಣ ತೆರಬಲ್ಲವರು ಮುಂದಾಗಿ, ಯಾರಿಗಾಗಿ ಈ ಶಾಲೆ ಹುಟ್ಟಿತೋ ಅವರೇ ಹಿಂದಾಗುತ್ತಾರೆ.

ಬೇರೆ ಬಗೆಯ ಆಯ್ಕೆ ಸಾಧ್ಯವೆಂಬುದಕ್ಕೆ ದೃಷ್ಟಾಂತವಿದೆ. ರಷ್ಯದ ಸೈಬೀರಿಯಾ ಪ್ರಾಂತದಲ್ಲಿ, ನೋವೊಸಿಬಿರ್ಸ್ಕದ ವಿಜ್ಞಾನನಗರಿಯ ವಿದ್ವಾಂಸರು, ಲವ್ರೆಂತ್ಯೆವ್ ಎಂಬ ಹಿರಿಯ ಗಣಿತಜ್ಞರ ನೇತೃತ್ವದಲ್ಲಿ, 1962ರಲ್ಲಿ ಒಂದು ಒಲಿಂಪಿಯಾಡ್ ಸ್ಪರ್ಧೆಯನ್ನು ಏರ್ಪಡಿಸಿದರು. ಅದರ ಮೊದಲನೆಯ ಹಂತ ಅಂಚೆಯ ಮೂಲಕ ನಡೆಯಿತು. ಹಿಮದಲ್ಲಿ ಮುಳುಗಿದ ದೂರದ ಹಳ್ಳಿಯ ಮಗುವೂ ತನ್ನ ಮನೆಯಲ್ಲಿ ಕುಳಿತು, ಬೇಕಾದಷ್ಟು ಹೊತ್ತು ಯೋಚಿಸಿ, ಉತ್ತರವನ್ನು ಬರೆದು ಕಳುಹಿಸಬಹುದಾಗಿತ್ತು. ಆ ಬಳಿಕ ಎದುರಿಗೆ ಕೂರಿಸಿಕೊಂಡು ಪರೀಕ್ಷೆ; ಅದರಲ್ಲಿ ಗೆದ್ದವರಿಗೆ ಬೇಸಿಗೆಯ ಶಾಲೆ. ಆ ಶಾಲೆಯಲ್ಲಿ ವಾರಗಟ್ಟಲೆ ಮಕ್ಕಳೊಡನೆ ಇದ್ದು, ಅವರ ಆಲೋಚನೆಯ ರೀತಿಯನ್ನು ಕಣ್ಣಾರೆ ಕಂಡು, ಆಮೇಲೆ 1963ರಲ್ಲಿ ತೆರೆದ ವಸತಿಶಾಲೆಗೆ ಆರಿಸಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಮಾಸ್ಕೋ ನಗರದಲ್ಲಿಯೂ ಅಂತಹುದೇ ಶಾಲೆ ಮೊದಲಾಯಿತು. ಅದರ ಆಧಾರಸ್ತಂಭವಾದವರು ಆಂದ್ರೇಯ್ ಕೊಲ್ಮೊಗೊರೊವ್. ಸಂಭವಶಾಸ್ತ್ರಕ್ಕೆ ತಳಹದಿಯನ್ನು ಹಾಕಿ ಲೋಕವಿಖ್ಯಾತರಾಗಿದ್ದ ಆ ಮಹನೀಯರು ಅರುವತ್ತರ ವಯಸ್ಸಿನಲ್ಲಿ ಶಾಲಾಬಾಲಕರ ಮುಂದೆ ನಿಂತು ಪಾಠ ಹೇಳಿದರು. ನಮ್ಮಲ್ಲಿಯೂ 1986ರಿಂದ ರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಡೆದುಬಂದಿದೆ, 1989ರಿಂದ ನಮ್ಮ ಮಕ್ಕಳು ಅಂತಾರಾಷ್ಟ್ರೀಯ ಸ್ಪರ್ಧೆಗೂ ಹೋಗುತ್ತಿದ್ದಾರೆ. ಆದರೆ ಅದರ ಸುದ್ದಿ ಕಾರವಾರದ ಬೀದಿಯನ್ನು ತಲುಪಿದರೂ ಅಂಕೋಲೆಯ ಒಳಹಳ್ಳಿಗಳನ್ನು ತಲುಪಿದುದು ಕಡಮೆ.

ಕೊಲ್ಮೊಗೊರೊವರಂಥವರು ನಮ್ಮ ಹಳ್ಳಿಯ ಶಾಲೆಗೆ ಬರಲಾರರು ಎಂದು ಯಾರಾದರೂ ಹೇಳಿಯಾರು. ಅವರಿಗೆ ನಾನು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರ ಹೆಸರನ್ನು ಹೇಳುತ್ತೇನೆ. ನಮ್ಮ ಜಿಲ್ಲೆ ಹಿಂದೆ ಯಾವ ಮುಂಬಯಿ ಇಲಾಖೆಗೆ ಸೇರಿತ್ತೋ ಅದೇ ಇಲಾಖೆಯಲ್ಲಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಅವರು ಶಾಲಾಮಾಸ್ತರರು. ವಿಶ್ವವಿದ್ಯಾಲಯದ ಯಾವ ಪೀಠವೂ ಅವರಿಗಿರಲಿಲ್ಲ. 1949ರಲ್ಲಿ ಅವರು ಪ್ರಕಟಪಡಿಸಿದ ಒಂದು ಸಂಗತಿಯನ್ನು ಐದನೆಯ ಇಯತ್ತೆಯ ಮಗುವೂ ಮಾಡಿನೋಡಬಹುದು. ಎಲ್ಲ ಅಂಕಿಗಳೂ ಒಂದೇ ಆಗಿರದ ನಾಲ್ಕಂಕಿಯ ಯಾವುದಾದರೊಂದು ಸಂಖ್ಯೆ, 3524 ಎನ್ನೋಣ. ಅದರ ಅಂಕಿಗಳನ್ನು ಇಳಿಕೆಯಲ್ಲಿ ಬರೆದರೆ 5432, ಏರಿಕೆಯಲ್ಲಿ 2345, ಕಳೆದರೆ 3087. ಅದಕ್ಕೂ ಹಾಗೆಯೇ ಮಾಡಿದರೆ 8352, ಮತ್ತೊಮ್ಮೆ ಮಾಡಿದರೆ 6174. ಇನ್ನು ಮುಂದೆ ಎಷ್ಟು ಸಲ ಕಳೆದರೂ 6174ನ್ನು ದಾಟಲಾಗದು. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ಸೇರುತ್ತೇವೆ. ಕಳೆಯುವ ಲೆಕ್ಕದಂತಹ ಸಾಮಾನ್ಯವಾದ ಕೆಲಸದೊಳಗೆ ಇಂತಹ ವಿಸ್ಮಯವನ್ನು ಕಂಡವರು ಒಬ್ಬ ಶಾಲಾಮಾಸ್ತರರು.

ಅಂಕೋಲೆಯವರಿಗಂತೂ ಇನ್ನೂ ಸಮೀಪದ ಒಂದು ನೆನಪುಂಟು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಈ ಜಿಲ್ಲೆಯಲ್ಲಿ ಪ್ರೌಢಶಾಲೆಗಳನ್ನು ತೆರೆದರು. 1966ರಲ್ಲಿ ಅಂಕೋಲೆಯಲ್ಲಿ ಮೊದಲಾದ ಕಾಲೇಜಿಗೆ ಗೋಖಲೆಯವರ ಜನ್ಮಶತಾಬ್ದಿಯ ಹೆಸರನ್ನು ಇಟ್ಟರು. ಗೋಪಾಲಕೃಷ್ಣ ಗೋಖಲೆಯವರನ್ನು ರಾಜಕಾರಣದ ಋಷಿಗಳೆಂದು ನಾವು ಸ್ಮರಿಸುತ್ತೇವೆ. ಅವರು ಪುಣೆಯಲ್ಲಿ ಗಣಿತವನ್ನು ಬೋಧಿಸಿದವರು, ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಂಕಗಣಿತದ ಪುಸ್ತಕವನ್ನು ಬರೆದವರು ಎಂಬುದು ಅನೇಕರಿಗೆ ಮರೆತುಹೋಗಿದೆ. ಆ ಗಣಿತದ ಮಾಸ್ತರರೇ 1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ವೈಸರಾಯರ ಶಾಸನಸಭೆಯ ಮುಂದಿಟ್ಟು, ಮರುವರ್ಷ ಅಲ್ಲಿ ಸೋತರು. ಶಿಕ್ಷಣವು ಆಯ್ದ ಕೆಲವರ ಸೊತ್ತಲ್ಲವೆಂಬ ಅವರ ನಂಬಿಕೆಯಲ್ಲಿ ನನಗೂ ಪಾಲಿದೆ. 80 ಮಂದಿ ಮುಂಡಗೋಡಕ್ಕೆ ಹೋಗಲಿ, ಸಂತೋಷ. ಎಂಬತ್ತೊಂದನೆಯ ಮಗು ಯಾವ ಬೆಂಚಿನ ಮೇಲೆ ಉಳಿದಿದೆ, ಅದರ ಗಣಿತಕ್ಕೆ ನಾಳೆಯಿಂದ ಏನು ಗತಿ ಎಂದು ಕೇಳುವವರೂ ಇರಬೇಕು. ಆ ಮಗುವಿಗೆ ಬೇಕಾಗಿರುವುದು ದೊಡ್ಡ ಕಟ್ಟಡವಲ್ಲ. ವಾರಕ್ಕೊಂದು ಒಳ್ಳೆಯ ಪ್ರಶ್ನೆ, ಅದರ ಉತ್ತರವನ್ನು ಆತುರಪಡಿಸದೆ ಕೇಳುವ ಒಬ್ಬ ಮಾಸ್ತರರು ಅಥವಾ ಅಕ್ಕೋರು.

ಅಂತಹ ಪ್ರಶ್ನೆಯೊಂದನ್ನು ಈಗ ತಮ್ಮ ಮುಂದಿಡುತ್ತೇನೆ. ನಮ್ಮ ತೀರದಲ್ಲಿ ರಂಪಣಿಯ ಬಲೆಯನ್ನು ಎಳೆಯುವುದನ್ನು, ಹರಿದ ಬಲೆಯನ್ನು ಹರಡಿಕೊಂಡು ಹಿರಿಯರು ಹೆಣೆಯುತ್ತ ಕುಳಿತಿರುವುದನ್ನು ನೋಡದ ಮಗುವಿಲ್ಲ. ಉದ್ದಕ್ಕೆ 10 ಕಣ್ಣು, ಅಡ್ಡಕ್ಕೆ 10 ಕಣ್ಣು ಇರುವ ಒಂದು ಚೌಕದ ಬಲೆಯನ್ನು ಪಾಟಿಯ ಮೇಲೆ ಬರೆಯಿಸಿ, ಗಂಟುಗಳೆಷ್ಟು ಎಂದು ಕೇಳಿ. ಕಣ್ಣುಗಳು ನೂರಾದುದರಿಂದ ಗಂಟುಗಳೂ ನೂರೇ ಎಂದು ತರಗತಿಯೆಲ್ಲ ಕೂಗುತ್ತದೆ. ಬೇಲೇಕೇರಿಯ ಕಡೆಯ ಒಂದು ಶಾಲೆಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಹಿಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು, ‘ಇಲ್ಲ ಅಕ್ಕೋರೇ, ಕೊನೇಲಿ ಒಂದು ಸಾಲು ಗಂಟು ಹೆಚ್ಚು ಬರ್ತದೆ’ ಎಂದಳು. ಹನ್ನೊಂದು ಹನ್ನೊಂದಲೆ 121. ಗಂಟಿನಿಂದ ಗಂಟಿಗೆ ಹೋಗುವ ಎಳೆಗಳನ್ನು ಎಣಿಸಿದರೆ ಉದ್ದಕ್ಕೆ 110, ಅಡ್ಡಕ್ಕೆ 110, ಒಟ್ಟು 220. ಈಗ ಗಂಟುಗಳನ್ನೂ ಕಣ್ಣುಗಳನ್ನೂ ಕೂಡಿಸಿ ಎಳೆಗಳನ್ನು ಕಳೆಯಿರಿ: 121ಕ್ಕೆ 100 ಸೇರಿ 221, ಅದರಲ್ಲಿ 220 ಹೋದರೆ ಉಳಿಯುವುದು 1. ಬಲೆ ಚಿಕ್ಕದಾಗಲಿ ದೊಡ್ಡದಾಗಲಿ, ಉಳಿಯುವುದು ಒಂದೇ. ಒಂದೇ ಕಣ್ಣಿನ ಬಲೆಯಿಂದ ಆರಂಭಿಸಿ ಮಕ್ಕಳೇ ಇದನ್ನು ಪರೀಕ್ಷಿಸಲಿ. 18ನೆಯ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಮಹಾಗಣಿತಜ್ಞನು ಘನಾಕೃತಿಗಳ ಮೂಲೆ, ಅಂಚು, ಮುಖಗಳ ನಡುವೆ ಕಂಡ ಸಂಬಂಧವೂ ಇದೇ ವಂಶದ್ದು. ಆ ಹೆಸರನ್ನು ಮಕ್ಕಳಿಗೆ ಆಮೇಲೆ ಹೇಳಿದರಾಯಿತು.

ಪ್ರಶ್ನೆ ಇಷ್ಟೆ: ಈ ಬಲೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋಗಬೇಕು, ಆದರೆ ಬಲೆಯು ಎರಡು ತುಂಡಾಗಿ ಬೀಳಬಾರದು, ಒಂದು ಗಂಟೂ ಕಳಚಿ ಬೇರೆಯಾಗಬಾರದು. ಹಾಗಾದರೆ ಹೆಚ್ಚೆಂದರೆ ಎಷ್ಟು ಎಳೆಗಳನ್ನು ಕತ್ತರಿಸಬಹುದು? ಉತ್ತರವನ್ನು ನಾನು ಹೇಳುವುದಿಲ್ಲ. ಕಾರವಾರ, ಅಂಕೋಲೆ ತಾಲೂಕುಗಳ ಐದನೆಯ ಇಯತ್ತೆಯ ಶಿಕ್ಷಕರು ಇದನ್ನು ಸೋಮವಾರ ತರಗತಿಯಲ್ಲಿ ಕೇಳಲಿ, ಶನಿವಾರದವರೆಗೆ ಉತ್ತರವನ್ನು ಸ್ವೀಕರಿಸದಿರಲಿ. ಮನೆಯಲ್ಲಿ ಹಳೆಯ ಬಲೆಯ ಚೂರಿದ್ದವರು ನಿಜವಾಗಿಯೇ ಕತ್ತರಿಸಿ ನೋಡಲಿ. ಸಂಖ್ಯೆಯನ್ನು ಹೇಳಿದ ಮಗುವನ್ನು ಮೆಚ್ಚಿರಿ. ಒಂದು ಎಳೆಯನ್ನು ಕತ್ತರಿಸಿದಾಗ ಕಣ್ಣುಗಳ ಲೆಕ್ಕದಲ್ಲಿ ಏನಾಗುತ್ತದೆಂದು ತಾನಾಗಿ ಬಂದು ವಿವರಿಸುವ ಮಗುವಿದ್ದರೆ, ಹುಡುಗನಿರಲಿ ಹುಡುಗಿಯಿರಲಿ, ಅದರ ಹೆಸರನ್ನು ಬರೆದಿಟ್ಟುಕೊಳ್ಳಿರಿ. ನವೋದಯದ ಅರ್ಜಿಗೆ ಮುಖ್ಯಾಧ್ಯಾಪಕರ ಪ್ರಮಾಣಪತ್ರ ಬೇಕಾಗುತ್ತದೆ, ಅರ್ಜಿಯನ್ನು ಈಗ ಕಂಪ್ಯೂಟರಿನ ಮೂಲಕವೇ ತುಂಬಬೇಕಾಗಿದೆ, ಅವೆರಡೂ ಅದರ ತಾಯಿತಂದೆಯರಿಗೆ ತಿಳಿಯದ ವಿಷಯಗಳಾಗಿರಬಹುದು. ಕೊನೆಯ ದಿನಾಂಕ ಮೀರುವ ಮೊದಲೇ ಅವರ ಮನೆಗೆ ಹೋಗಿಬರಬೇಕೆಂದು ಶಿಕ್ಷಕಬಂಧುಗಳಲ್ಲಿ ಪ್ರಾರ್ಥಿಸುತ್ತೇನೆ.